ಪುಕ್ಕಟೆ ಥಂಡಿ ಇರುವಾಗ ಕೋಲ್ಡ್ ಸ್ಟೋರೇಜ್‌ಗೆ ಯಾಕೆ ಕಾಯೋದು?

ಡಿಸೆಂಬರ್ ಬಂತಂದ್ರೆ ನಮ್ಮ ಕಮಠಾಣ ಕಡೆ ನಸುಕಿನಲ್ಲಿ ಬೈಕ್ ಹತ್ತೋದೇ ಬ್ಯಾಡ ಅನ್ನಿಸ್ತದೆ. ಬೀದರ್ ಜಿಲ್ಲೆಯಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಟೊಮೆಟೊ ದರ ಬಿದ್ದಾಗೆಲ್ಲ ‘ಊರಲ್ಲೊಂದು ಕೋಲ್ಡ್ ಸ್ಟೋರೇಜ್ ಇದ್ದಿದ್ರೆ’ ಅಂತೀವಿ. ಎರಡು ದಿನ ಮಾಲು ಹಿಡಿದಿಡೋಕೆ ಈ ಥಂಡಿಯೇ ಸಾಕು ಅನ್ನೋದು ನನ್ನ ವಾದ.

ನಾವು ಮಾಡೋದೇನು? ಮಧ್ಯಾಹ್ನ ಬಿಸಿಲಲ್ಲಿ ಕಿತ್ತು, ಕ್ರೇಟ್ ತುಂಬಿ, ತಾಡಪತ್ರಿ ಮುಚ್ಚಿ, ಸಂಜೆ ಸಿಕ್ಕ ದರಕ್ಕೆ ಕೊಡ್ತೀವಿ. ಕಿತ್ತ ಮೇಲೂ ಕಾಯಿ ಉಸಿರಾಡುತ್ತದೆ. 10 ಡಿಗ್ರಿ ಶಾಖ ಹೆಚ್ಚಾದರೆ ಆ ಉಸಿರಾಟ ಸುಮಾರು ಎರಡು-ಮೂರು ಪಟ್ಟು ಏರುತ್ತದೆ, ಕಾಯಿ ಅಷ್ಟೇ ಬೇಗ ಮೆತ್ತಗಾಗುತ್ತದೆ. ಬಿಸಿ ಮಾಲನ್ನ ತಾಡಪತ್ರಿಯಡಿ ಇಟ್ರೆ ಹೊರಗೆ ಎಷ್ಟೇ ಥಂಡಿ ಇದ್ರೂ ಒಳಗಿನ ಕಾವು ಹೋಗೋದಿಲ್ಲ.

ಟೊಮೆಟೊ, ಬದನೆ, ಪೇರಲ ಬೆಳಗಿನ ತಂಪಿನಲ್ಲೇ ಕೀಳ್ರಿ. ಕೊತ್ತಂಬರಿ, ಮೆಂತ್ಯೆಗೆ ಮಾತ್ರ ಇಬ್ಬನಿ ಆರೋತನಕ ಕಾಯಬೇಕು, ಇಲ್ಲಾಂದ್ರೆ ಕಟ್ಟಿನೊಳಗೇ ಕೊಳೀತದೆ. ರಾತ್ರಿ ಶೆಡ್ಡಿನ ಬಾಗಿಲು, ಕಿಟಕಿ ತೆಗೆದಿಡಿ, ಕ್ರೇಟುಗಳ ನಡುವೆ ಗಾಳಿ ಆಡಲಿ. ಬಿಸಿಲೇರೋದ್ರೊಳಗೆ ಎಲ್ಲ ಮುಚ್ಚಿ. ಕಾಯಿ ಟೊಮೆಟೊ ಮಾತ್ರ 10 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ರೆ ಸರಿಯಾಗಿ ಹಣ್ಣಾಗೋದಿಲ್ಲ, ವಿಪರೀತ ಥಂಡಿ ಇದ್ದ ರಾತ್ರಿ ಅದಕ್ಕೊಂದು ಗೋಣಿಚೀಲ ಹೊದಿಸಿ.

ಇನ್ನಷ್ಟು ಮಾಡೋ ಮನಸ್ಸಿದ್ರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಕರೆಂಟ್ ಬೇಡದ ಇಟ್ಟಿಗೆ ತೊಟ್ಟಿ ಇದೆ. ಎರಡು ಗೋಡೆ, ನಡುವಿನ 7.5 ಸೆಂ.ಮೀ. ಜಾಗದಲ್ಲಿ ಒದ್ದೆ ಮರಳು, ಒಂದು ಮುಚ್ಚಳ, ಮೇಲೆ ನೆರಳು. ಸುಮಾರು 100 ಕೆ.ಜಿ. ಹಿಡಿಸುತ್ತದೆ. ಬೇಸಿಗೆಯಲ್ಲಿ ಅದರ ತಂಪು ಮುಖ್ಯ. ನಮ್ಮ ಚಳಿಗಾಲದ ಒಣಗಾಳಿಗೆ ಅದರ ತೇವವೇ ದೊಡ್ಡ ಲಾಭ, ಸೊಪ್ಪು ಬಾಡೋದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಅದರಲ್ಲಿ ಇಡಲೇಬೇಡಿ.

ಪೆರು, ಬೊಲಿವಿಯಾದ ಎತ್ತರದ ಬೆಟ್ಟಗಳಲ್ಲಿ ಆಲೂಗಡ್ಡೆಯನ್ನ ರಾತ್ರಿಯ ಚಳಿಗೆ ಹೆಪ್ಪುಗಟ್ಟಿಸಿ, ಹಗಲು ತುಳಿದು ಒಣಗಿಸಿ ವರ್ಷಗಟ್ಟಲೆ ಇಡ್ತಾರೆ. ಅದರ ವಿಡಿಯೊ ನೋಡಿ ಇಲ್ಲಿ ಮಾಡೋಕೆ ಹೋಗಬೇಡಿ, ನಮ್ಮ ಥಂಡಿ ಆ ಮಟ್ಟದ್ದಲ್ಲ. ಇದು ಕೊಡೋದು ಎರಡು-ಮೂರು ದಿನ. ಆದ್ರೆ ದಲಾಲನಿಗೆ ‘ಇವತ್ತು ಬ್ಯಾಡ್ರಿ’ ಅನ್ನೋಕೆ, ಭಾಲ್ಕಿ, ಹೈದರಾಬಾದ್ ದರವನ್ನ ಫೋನಲ್ಲಿ ಕೇಳೋಕೆ ಅಷ್ಟು ಸಾಕು.

ತಿಂಗಳುಗಟ್ಟಲೆ ಇಡೋ ಮಾಲಿಗೆ ಕೋಲ್ಡ್ ಸ್ಟೋರೇಜ್ ಬೇಕೇ ಬೇಕು, ಅದನ್ನ ಕೇಳ್ತಾನೇ ಇರೋಣ. ಈ ಥಂಡಿ ಮಾತ್ರ ಫೆಬ್ರವರಿ ದಾಟಿದ್ರೆ ಸಿಗೋದಿಲ್ಲ.