ಕಕ್ಕಬೆಯಲ್ಲಿ ನಡೆದು ಉಂಡದ್ದು

ಊಟವೆಂಬುದು ಕುಳಿತು ಮಾಡತಕ್ಕ ಕಾರ್ಯವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗಿನವರು ನಡೆಯುತ್ತ ಉಣ್ಣುವುದನ್ನೂ ಒಂದು ವಿನೋದವನ್ನಾಗಿ ಮಾಡಿಕೊಂಡಿರುವರು. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿಬೀದಿ, ಬಸವನಗುಡಿ, ಚಿಕ್ಕಪೇಟೆ ಮೊದಲಾದೆಡೆಗಳಲ್ಲಿ ದಾರಿ ತೋರುವವನೊಬ್ಬನು ಹತ್ತಾರು ಮಂದಿಯನ್ನು ಕರೆದುಕೊಂಡು, ಒಂದು ಅಂಗಡಿಯಲ್ಲಿ ದೋಸೆ, ಇನ್ನೊಂದರಲ್ಲಿ ಹೋಳಿಗೆ ಎಂದು ತಿನ್ನಿಸುತ್ತ, ನಡುನಡುವೆ ಊರಿನ ಕಥೆಯನ್ನೂ ಹೇಳುವುದುಂಟು. ಹಣ ಕೊಟ್ಟು ಬೀದಿ ಸುತ್ತುವುದೇಕೆಂದು ನಾವು ಇದನ್ನು ಹಾಸ್ಯಮಾಡಿದ್ದೆವು. ಕೊಡಗಿನ ಕಕ್ಕಬೆಯಲ್ಲಿ ಅಂಥದೇ ಒಂದು ನಡಿಗೆಯಲ್ಲಿ ಸೇರಿದಮೇಲೆ ನಮ್ಮ ಹಾಸ್ಯವನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮ ವಾಚಕರಲ್ಲಿ ಹಲವರು ಮಕ್ಕಳುಮರಿಗಳೊಡನೆ ಕೊಡಗಿಗೆ ಹೋಗುವವರಾದುದರಿಂದ ಅದನ್ನು ಇಲ್ಲಿ ಬರೆಯುತ್ತಿರುವೆವು.

ಕಕ್ಕಬೆಯು ಪಟ್ಟಣವಲ್ಲ. ಮಡಿಕೇರಿಯಿಂದ ಸುಮಾರು ೪೦ ಕಿಲೋಮೀಟರು ದೂರದಲ್ಲಿ, ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ಮಗ್ಗುಲಲ್ಲಿರುವ ಊರು. ೧೭೯೨ರಲ್ಲಿ ದೊಡ್ಡ ವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯು ಇಲ್ಲಿಯೇ ಇದೆ. ಇಲ್ಲಿ ತಿಂಡಿಬೀದಿಯಿಲ್ಲ, ಮನೆಯಿಂದ ಮನೆಗೆ, ತೋಟದಿಂದ ಗದ್ದೆಗೆ ನಡೆಯಬೇಕು. ನಾವು ಆರು ಮಂದಿ ಹೋದದ್ದು ಆಗಸ್ಟ್ ೩ರಂದು, ಎಂದರೆ ಕಕ್ಕಡ ಮಾಸದ ಹದಿನೆಂಟನೆಯ ದಿನ. ಮಳೆಯೂ ಜಿಗಣೆಯೂ ಜೊತೆಗಿದ್ದವು. ದಾರಿ ತೋರಿದಾಕೆ ಆ ಊರಿನವಳೇ ಆದ ಒಬ್ಬ ತರುಣಿ. ಹೊರಡುವುದಕ್ಕೆ ಮೊದಲೇ ಆಕೆಯು ಪ್ರತಿಯೊಬ್ಬರನ್ನೂ ಕೇಳಿದ ಪ್ರಶ್ನೆ ಒಂದೇ: “ತಾವು ಏನನ್ನು ತಿನ್ನುವುದಿಲ್ಲ?” ನಮ್ಮ ಸೋದರತ್ತೆಯವರು ಮಾಂಸವನ್ನು ಮುಟ್ಟುವವರಲ್ಲ. ಆ ಮಾತು ಕೂಡಲೇ ಉಣಿಸುವ ಮನೆಗೆ ತಲಪಿತು.

ಮೊದಲು ಪಾಡಿ ಇಗ್ಗುತಪ್ಪನ ದೇವಾಲಯಕ್ಕೆ ಹೋದೆವು. ಇಗ್ಗುತಪ್ಪನು ಮಳೆಯನ್ನೂ ಬೆಳೆಯನ್ನೂ ಕೊಡುವ ದೇವರೆಂದು ಕೊಡವರ ನಂಬಿಕೆ. ಹೊಸ ಅಕ್ಕಿಯ ಹಬ್ಬವಾದ ಹುತ್ತರಿಯ ಮುಹೂರ್ತವು ನಿಶ್ಚಯವಾಗುವುದೂ ಈ ಸನ್ನಿಧಿಯಲ್ಲಿಯೇ. “ನಮ್ಮ ಊಟವೆಲ್ಲ ಇಲ್ಲಿಂದ ಆರಂಭ” ಎಂದು ಆ ತರುಣಿಯು ಹೇಳಿದ ಮಾತಿನ ಅರ್ಥವು ಮುಂದೆ ಎಲೆಯ ಮುಂದೆ ಕುಳಿತಾಗ ತಿಳಿಯಿತು. ಬಡಿಸಿದುದರಲ್ಲಿ ಮುಕ್ಕಾಲುಪಾಲು ಅಕ್ಕಿಯದೇ: ಅಕ್ಕಿತರಿಯನ್ನು ಬೇಯಿಸಿ ಉಂಡೆಕಟ್ಟಿ ಹಬೆಯಲ್ಲಿಟ್ಟ ಕಡುಂಬುಟ್ಟು, ಶಾವಿಗೆಯಂತೆ ಒತ್ತಿದ ನೂಪುಟ್ಟು, ತರಿಗೆ ಹಾಲನ್ನೂ ಕಾಯಿತುರಿಯನ್ನೂ ಸೇರಿಸಿ ತಟ್ಟೆಯಲ್ಲಿ ಬೇಯಿಸಿದ ಪಾಪುಟ್ಟು.

ಒಂದು ಮನೆಯ ಹಿತ್ತಲಿನಲ್ಲಿ ಮಾಗಿದ ಪಣಪುಳಿ ಹಣ್ಣುಗಳನ್ನು ಬಿದಿರಿನ ಬುಟ್ಟಿಯಲ್ಲಿ ರಾಶಿಹಾಕಿ, ಕೆಳಗೆ ಪಾತ್ರೆಯಿಟ್ಟಿದ್ದರು. ಹಣ್ಣು ತಾನಾಗಿಯೇ ಕಳಿತು ತೊಟ್ಟಿಕ್ಕಿದ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದರೆ ಅದೇ ಕಾಚಂಪುಳಿ. ಹಂದಿಮಾಂಸದ ಪಂದಿಕರಿಗೆ ಹುಳಿಯನ್ನೂ ಕಪ್ಪು ಬಣ್ಣವನ್ನೂ ಕೊಡುವುದು ಇದು. ನಮ್ಮೊಡನಿದ್ದ ತರುಣರು ಅದನ್ನು ಎರಡೆರಡು ಸಲ ಹಾಕಿಸಿಕೊಂಡರು. ಅತ್ತೆಯವರಿಗೆ ಬೇರೆ ಪಾತ್ರೆಯಲ್ಲಿ ಕಳಲೆಯ ಪಲ್ಯವು ಸಿದ್ಧವಾಗಿತ್ತು. ಎಳೆಯ ಬಿದಿರನ್ನು ಹಸಿಯಾಗಿ ತಿನ್ನಕೂಡದು, ಅದರಲ್ಲಿ ವಿಷಾಂಶವುಂಟು. ಹೆಚ್ಚಿ, ನೀರನ್ನು ಬದಲಾಯಿಸುತ್ತ ನೆನೆಯಿಟ್ಟು, ಚೆನ್ನಾಗಿ ಬೇಯಿಸಿದಮೇಲೆಯೇ ಅದು ಆಹಾರವಾಗುವುದು.

ಆ ದಿನದ ವಿಶೇಷವು ಮದ್ದುಸೊಪ್ಪಿನ ಪಾಯಸ. ಕಕ್ಕಡದ ಹದಿನೆಂಟರಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ಕೂಡಿರುವುವೆಂದು ಹೇಳುವರು. ಸೊಪ್ಪನ್ನು ಕುದಿಸಿದರೆ ನೇರಳೆಬಣ್ಣದ ರಸ ಬಿಡುತ್ತದೆ; ಅದರಲ್ಲಿ ಅಕ್ಕಿಯನ್ನು ಬೇಯಿಸಿ ಬೆಲ್ಲ, ಕಾಯಿ ಸೇರಿಸುವರು. ಇದನ್ನು ಉಂಡವರ ಮೂತ್ರವು ಕೆಂಪಾಗುವುದುಂಟು. ಆ ತರುಣಿಯು ಇದನ್ನು ಮುಂಚೆಯೇ ತಿಳಿಸದಿದ್ದರೆ ನಮ್ಮಲ್ಲಿ ಒಬ್ಬಿಬ್ಬರು ಗಾಬರಿಯಿಂದ ವೈದ್ಯರ ಮನೆಗೆ ಓಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಈಗ ಜೇನಿನ ಮಾತು. ಒಂದು ಕಾಲಕ್ಕೆ ಕಕ್ಕಬೆಯ ಹೆಸರೆತ್ತಿದರೆ ಜೇನುತುಪ್ಪದ ನೆನಪಾಗುತ್ತಿತ್ತು. ೧೯೯೧-೯೨ರಲ್ಲಿ ಹಬ್ಬಿದ ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ರೋಗವು ತುಡುವೆ ಜೇನಿನ ಮರಿಹುಳುಗಳನ್ನು ಗೂಡಿನಲ್ಲಿಯೇ ಕೊಂದು, ದಕ್ಷಿಣದ ಜೇನುಸಾಕಣೆಗೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಬೇಡಿಕೆ ಮಾತ್ರ ಕುಗ್ಗಲಿಲ್ಲ. ಆದಕಾರಣ ದಾರಿಬದಿಯಲ್ಲಿ ಕೊಡಗಿನ ಜೇನೆಂದು ಮಾರುವುದೆಲ್ಲವೂ ಕೊಡಗಿನದೆಂದು ನಂಬುವಂತಿಲ್ಲ. ನೀರಿನಲ್ಲಿ ಹನಿ ಬಿಟ್ಟು ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು ಮೊದಲಾದ ಮನೆಯ ಪರೀಕ್ಷೆಗಳಿಂದ ಕಲಬೆರಕೆಯು ನಿಶ್ಚಯವಾಗದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. ಪೆಟ್ಟಿಗೆ ಸಾಕಿದವರ ಕೈಯಿಂದಲೋ ಸಹಕಾರ ಸಂಘದಿಂದಲೋ ಕೊಳ್ಳುವುದು ಮೇಲು.

ಅತ್ತೆಯವರು ಅಂಥ ಒಂದು ಮನೆಯಲ್ಲಿ ಒಂದು ಸೀಸೆಯನ್ನು ಕೊಂಡು, “ಮೂರು ತಿಂಗಳ ಮೊಮ್ಮಗನಿಗೆ ನಾಲಗೆಗೆ ಸವರುವುದಕ್ಕಾಯಿತು” ಎಂದರು. ಆ ತರುಣಿಯು ತಡೆದು, “ಅಮ್ಮ, ವರ್ಷ ತುಂಬುವವರೆಗೆ ಬೇಡ” ಎಂದಳು. ಅತ್ತೆಯವರ ಮುಖ ಬಿಗಿಯಿತು. “ನಮ್ಮ ಮಕ್ಕಳೆಲ್ಲ ಜೇನು ನೆಕ್ಕಿಯೇ ಬೆಳೆದರು” ಎಂದರು. ವ್ಯಾಪಾರ ಕೆಟ್ಟರೂ ಸರಿಯೆಂದು ಸೀಸೆ ಮಾರಿದಾತನೂ ತರುಣಿಯ ಮಾತನ್ನೇ ಹಿಡಿದನು.

ಅವರು ಹೇಳಿದುದು ಸತ್ಯ. ಶುದ್ಧವಾದ ಜೇನಿನಲ್ಲಿಯೂ ‘ಬೊಟುಲಿನಮ್’ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ಮೊಳೆಯಗೊಡದು. ಎಳೆಗೂಸಿನ ಕರುಳಿನಲ್ಲಿ ಅವು ಬೆಳೆದು, ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಮನೆಯಲ್ಲಿ ಕಾಯಿಸುವುದರಿಂದ ಅವು ಸಾಯುವುದಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲವೆಂಬುದೇನೋ ದಿಟ. ಯಾವ ಮಗುವಿಗೆ ಆಗುವುದೆಂದು ಮುಂದಾಗಿ ಬಲ್ಲವರಾರು? ಒಂದು ವರ್ಷ ತುಂಬದ ಶಿಶುವಿಗೆ ಜೇನನ್ನು ಕೊಡಕೂಡದೆಂಬುದನ್ನು ಅಜ್ಜಿಯರು ದಯವಿಟ್ಟು ನೆನಪಿನಲ್ಲಿಡಬೇಕು. ಅತ್ತೆಯವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಊರಿಗೆ ಬಂದಮೇಲೆ ಸೀಸೆಯನ್ನು ಸೊಸೆಯ ಕೈಗೆ ಕೊಟ್ಟು, “ಇದು ನಿನಗೆ” ಎಂದರು.

ಇಂಥ ನಡಿಗೆಗೆ ಹೊರಡುವವರಿಗೆ ಎರಡು ಮಾತು. ತಿನ್ನದಿರುವುದೇನು, ಮೈಗೆ ಒಗ್ಗದಿರುವುದೇನು ಎಂಬುದನ್ನು ಮುಂದಾಗಿ ತಿಳಿಸಿರಿ. ಎಲೆಯ ಮುಂದೆ ಕುಳಿತು ಮೂಗುಮುರಿಯುವುದು ಅಡಿಗೆಮಾಡಿದವರಿಗೆ ಅವಮಾನ. ಕೊಡತಕ್ಕ ಹಣವನ್ನೂ, ಅದರಲ್ಲಿ ಉಣಿಸಿದ ಮನೆಗೆ ಸಲ್ಲುವುದೆಷ್ಟೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ. ಮನೆಯವರು ಹೊಸ್ತಿಲಲ್ಲಿ ನಿಂತು ಬೆಲೆ ಹೇಳಲು ಸಂಕೋಚಪಡುವರು; ಆ ಸಂಕೋಚವನ್ನು ನಮ್ಮ ಲಾಭವನ್ನಾಗಿ ಮಾಡಿಕೊಳ್ಳುವುದು ಸಭ್ಯತೆಯಲ್ಲ. ರುಚಿಯನ್ನು ತೋರಿಸುವವರು ಎಲ್ಲೆಲ್ಲಿಯೂ ಸಿಕ್ಕುವರು. ತಿನ್ನಬೇಡವೆಂದು ತಕ್ಕ ಕಾಲದಲ್ಲಿ ಹೇಳುವವರಿಗೆ ಕೊಟ್ಟ ಹಣವು ಎಂದಿಗೂ ವ್ಯರ್ಥವಲ್ಲ.