ಸಸಿ ನೆಡುವ ಮುನ್ನ

ಜುಲೈ ಬಂದರೆ ವನಮಹೋತ್ಸವ. ಸಸಿ ನೆಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಹತ್ತು ಸಸಿ ನೆಟ್ಟ ಮಾತ್ರಕ್ಕೆ ಪರಿಸರ ವ್ಯವಸ್ಥೆ ಆಗುವುದಿಲ್ಲ. ಅದು ಬೆಳೆಯಲು ಕಾಲ ಬೇಕು.

1963ರಲ್ಲಿ ಐಸ್‌ಲ್ಯಾಂಡ್ ದೇಶದ ಬಳಿ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಸರ್ಟ್ಸಿ ಎಂಬ ದ್ವೀಪ ಹುಟ್ಟಿತು. ಮೊದಲಿಗೆ ಅಲ್ಲಿದ್ದದ್ದು ಬೂದಿ, ಕಲ್ಲು ಮಾತ್ರ. 1965ರಲ್ಲಿ ಕಡಲು ತಂದ ಬೀಜ ಮೊಳೆಯಿತು. ಆಮೇಲೆ ಪಾಚಿ ಬಂತು. 1986ರ ಹೊತ್ತಿಗೆ ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟತೊಡಗಿದವು. ಅವುಗಳ ಹಿಕ್ಕೆಯೇ ಗೊಬ್ಬರವಾಗಿ ಹುಲ್ಲು ಹರಡಿತು, ಹುಳುಗಳು ಹೆಚ್ಚಿದವು, ಹುಳು ತಿನ್ನುವ ಹಕ್ಕಿಗಳೂ ಬಂದು ನೆಲೆಸಿದವು. ಒಂದು ಜೀವಿ ಹದ ಮಾಡಿದ ಜಾಗದಲ್ಲಿ ಮತ್ತೊಂದು ಬದುಕಿತು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಅಂಗಡಿಯ ಗುಡ್‌ವಿಲ್ ಇದ್ದಂತೆ ಕಾಣುತ್ತದೆ. ಅಬ್ಬಾ ಅವರ ಅಂಗಡಿಗೆ ಹೊಸ ಕಪಾಟು, ತಕ್ಕಡಿ ಒಂದೇ ದಿನದಲ್ಲಿ ತರಬಹುದು. ಗಿರಾಕಿಗಳ ನಂಬಿಕೆ ಬರಲು ವರ್ಷಗಳೇ ಬೇಕಾದವು.

ನಮ್ಮ ಮೈದಾನದ ಹಿಂದೆ ಪೊದೆ ಬೆಳೆದ ಮೂಲೆಯನ್ನು ಸಮ ಮಾಡಿ, ಬೈಕ್ ನಿಲ್ಲಿಸಲು ಸಿಮೆಂಟ್ ಹಾಕುವ ಮಾತಿದೆ. ಅಲ್ಲಿ ಬುಲ್‌ಬುಲ್ ಗೂಡು ಕಟ್ಟುತ್ತದೆ, ಚಿಟ್ಟೆಗಳಿವೆ. ಎಲೆ ಕೊಳೆತು ಮೆದುವಾದ ಮಣ್ಣು ಮಳೆನೀರನ್ನು ಇಂಗಿಸಿಕೊಳ್ಳುತ್ತದೆ. ಸಿಮೆಂಟ್ ಅದನ್ನು ಚರಂಡಿಗೆ ಕಳಿಸುತ್ತದೆ. ಜೆಸಿಬಿಗೆ ಅದು ಅರ್ಧ ದಿನದ ಕೆಲಸ. ಬದಲಿಗೆ ಹತ್ತು ಕುಂಡ ಇಟ್ಟರೆ ಲೆಕ್ಕ ಸರಿಹೋಗುವುದಿಲ್ಲ.

ಬೈಕ್‌ಗಳಿಗೆ ಗೇಟಿನ ಪಕ್ಕದ ಖಾಲಿ ಜಾಗ ಸಾಕು. ಪ್ರಾಂಶುಪಾಲರಲ್ಲಿ, ಸ್ನೇಹಿತರಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷವೂ ಸಸಿ ನೆಡೋಣ, ಆದರೆ ಆ ಮೂಲೆಯನ್ನು ಮುಟ್ಟದೆ ಬಿಡೋಣ.