ನಾವೆಲ್ಲ ಕ್ಷೇಮ

ಹಿಂದೆ ಪರಊರಿನಿಂದ ಬರುತ್ತಿದ್ದ ಕಾಗದಗಳಲ್ಲಿ ಒಂದು ಸಾಲು ಕಾಯಂ ಇರುತ್ತಿತ್ತು. ‘ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುತ್ತಿರಿ.’ ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದವರೂ ಅದನ್ನೇ ಬರೆಯುತ್ತಿದ್ದರು, ಸೊಲ್ಲಾಪುರದಲ್ಲಿ ಮಗ್ಗದ ಮುಂದೆ ನಿಂತವರೂ ಅದನ್ನೇ ಬರೆಯುತ್ತಿದ್ದರು. ಅಕ್ಷರ ಬಾರದ ತಾಯಂದಿರಿಗೆ ಆ ಕಾರ್ಡು ಓದಿ ಹೇಳುವುದು ಶಾಲೆಗೆ ಹೋಗುವ ನಮ್ಮಂಥ ಹುಡುಗರ ಕೆಲಸ. ಅವರು ಎರಡೆರಡು ಸಲ ಓದಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ‘ಆರಾಮ ಅದಾನಂತ ಬಿಡು’ ಎಂದು ಒಳಗೆ ಹೋಗುತ್ತಿದ್ದರು. ಈಗ ಕಾಗದ ಹೋಗಿ ಮೊಬೈಲು ಬಂದಿದೆ. ಆದರೆ ಆ ಸಾಲು ಮಾತ್ರ ಹೋಗಿಲ್ಲ. ‘ಆರಾಮ ಅದೀವಿ’ ಎಂದು ರೂಪ ಬದಲಿಸಿದೆ, ಅಷ್ಟೆ.

ನಮ್ಮ ಭಾಗದವರು ಊರು ಬಿಟ್ಟು ದೂರ ಹೋಗುವುದು ಇಂದಿನ ಕಥೆಯಲ್ಲ. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಓದಿನ ಆಸೆಯಿಂದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತು, ಚಾವುಂಡರಾಯನ ಆಶ್ರಯ ಪಡೆದದ್ದು ಹತ್ತನೆಯ ಶತಮಾನದಲ್ಲಿ. ಹೋದವನು ಬರಿಗೈಲಿ ಬರಲಿಲ್ಲ, ಕವಿಚಕ್ರವರ್ತಿಯಾದ. ನಮ್ಮ ಅಜ್ಜಂದಿರ ಕಾಲಕ್ಕೆ ದೊಡ್ಡ ಊರೆಂದರೆ ಪಡುವಣದ ಊರು. ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿದವು. ಹೀಗಾಗಿ ಸಾಂಗಲಿ, ಕೊಲ್ಲಾಪುರ, ಪುಣೆ, ಮುಂಬಯಿ ಇವೇ ಕೆಲಸದ ಊರುಗಳು. 1956ರಲ್ಲಿ ಏಕೀಕರಣವಾಯಿತು, ಬೆಂಗಳೂರು ನಮ್ಮ ರಾಜಧಾನಿಯಾಯಿತು. ಆದರೂ ಅದು ಮನಸ್ಸಿಗೆ ಹತ್ತಿರವಾಗಲು ಒಂದು ತಲೆಮಾರೇ ಹಿಡಿಯಿತು. ಇವತ್ತು ಜಮಖಂಡಿಯ ಬಸ್‌ ನಿಲ್ದಾಣದಲ್ಲಿ ಸಂಜೆ ನಿಂತು ನೋಡಿ. ಬೆಂಗಳೂರು ಬಸ್ಸಿನ ಕಿಟಕಿಗೆ ಆತುಕೊಂಡು, ‘ಮುಟ್ಟಿದ ಕೂಡ್ಲೆ ಫೋನ್ ಮಾಡು’ ಎನ್ನುವ ತಾಯಿ ದಿನವೂ ಸಿಗುತ್ತಾಳೆ.

ಅಂಥ ಒಂದು ಬಸ್ಸು ಹತ್ತಿ ಈಚೆಗೆ ನಾನೂ ಹೋಗಿದ್ದೆ. ಕಣ್ಣಿನ ತಪಾಸಣೆ ಆಗಬೇಕಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೀಣ್ಯದ ಕಡೆ ಮನೆ ಮಾಡಿದ್ದಾನೆ. ‘ಸರ, ಲಾಡ್ಜಿಗೆ ಹೋದ್ರ ನಮ್ಮಪ್ಪ ನನ್ನ ಮಾತಾಡ್ಸೂದಿಲ್ಲ’ ಎಂದು ಹಟ ಹಿಡಿದು ಮನೆಗೆ ಕರೆದ. ಅವನು ಬನಹಟ್ಟಿಯ ನೇಕಾರರ ಮಗ, ಡಿಪ್ಲೊಮಾ ಓದಿದವನು. ಹೆಂಡತಿ ಬೀಳಗಿ ತಾಲ್ಲೂಕಿನವಳು, ಬಿ.ಕಾಂ. ಮಾಡಿದ್ದಾಳೆ. ಆಲಮಟ್ಟಿ ಹಿನ್ನೀರಿನಲ್ಲಿ ಅವಳ ತವರಿನ ಊರು ಮುಳುಗಿದಾಗ ಅವಳಿನ್ನೂ ಕೂಸು. ತಂದೆ ತಾಯಿ ಹಳೆಯ ಮನೆಯ ಬಾಗಿಲ ಚೌಕಟ್ಟು ಬಿಚ್ಚಿಕೊಂಡು ಬಂದು ಪುನರ್ವಸತಿ ಕೇಂದ್ರದ ಹೊಸ ಮನೆಗೆ ಹಚ್ಚಿದ್ದರಂತೆ. ‘ನಮಗ ಊರು ಬಿಡೂದು ಹೊಸಾದಲ್ರಿ ಸರ’ ಎಂದು ನಕ್ಕಳು.

ಮನೆ ಎಂದೆನಲ್ಲ, ಅದು ಮೂರನೆಯ ಅಂತಸ್ತಿನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಒಂದು ಬಚ್ಚಲು. ಹತ್ತು ತಿಂಗಳ ಬಾಡಿಗೆ ಮುಂಗಡ. ಕರಾರು ಮಾತ್ರ ಹನ್ನೊಂದೇ ತಿಂಗಳದು. ‘ವರ್ಷಕ್ಕ ಯಾಕ ಮಾಡೂದಿಲ್ಲ?’ ಎಂದು ಕೇಳಿದೆ. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ ಎಂದು ಅವಳೇ ವಿವರಿಸಿದಳು. ಲೆಕ್ಕಪತ್ರ ಓದಿದ ಹುಡುಗಿ. ಊರಲ್ಲಿ ಕೃಷ್ಣೆ, ಘಟಪ್ರಭೆಯರನ್ನು ನೋಡಿ ಬೆಳೆದವರು ಇಲ್ಲಿ ಬಕೀಟು ಎಣಿಸುತ್ತಾರೆ. ಕಾವೇರಿ ನೀರು ಈ ನಗರಕ್ಕೆ ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬರಬೇಕು. ಇವರ ಓಣಿಗೆ ಬೋರ್‌ವೆಲ್ಲೇ ಆಧಾರ. 2024ರ ಬೇಸಿಗೆಯಲ್ಲಿ ಅದು ಬತ್ತಿದಾಗ ಟ್ಯಾಂಕರಿನ ಹಾದಿ ಕಾದರಂತೆ. ಆದರೆ ಅಡಿಗೆಮನೆಯಲ್ಲಿ ಮಾತ್ರ ಬನಹಟ್ಟಿಯೇ ಇತ್ತು. ಡಬ್ಬಿಯ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಭರಣಿ ಕೆಂಪು ಮೆಣಸಿನಕಾಯಿ ರಂಜಕ. ಎಲ್ಲವೂ ಬಸ್ಸಿನಲ್ಲಿ ಬಂದದ್ದು.

ಅವಳು ಬೆಳಿಗ್ಗೆ ಎಂಟೂವರೆಗೆ ಮನೆ ಬಿಡುತ್ತಾಳೆ. ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚಿಲ್ಲ. ಹೀಗಾಗಿ ಮೆಟ್ರೊ ಹತ್ತಿರವಿದ್ದರೂ ಅವಳು ಬಸ್ಸಿಗೇ ಕಾಯುತ್ತಾಳೆ. ಸಂಜೆ ಏಳಕ್ಕೆ ಮರಳುತ್ತಾಳೆ. ಅವನು ಎರಡನೇ ಪಾಳಿಗೆ ಹೋಗುತ್ತಾನೆಂದೂ ಬರುವುದು ರಾತ್ರಿ ಹನ್ನೊಂದಕ್ಕೆಂದೂ ಹೇಳಿದರು. ಎರಡು ದಿನ ನಾನು ನೋಡಿದ್ದು ಇಷ್ಟು: ಅವಳು ಏಳುವಾಗ ಅವನು ಮಲಗಿರುತ್ತಾನೆ, ಅವನು ಬರುವಾಗ ಅವಳು ತೂಕಡಿಸುತ್ತಿರುತ್ತಾಳೆ. ನಡುವೆ ಮಾತಿಗೆ ಒಂದು ಪಾಟಿ. ಹೌದು, ನಾವು ಬಳಪದಿಂದ ಬರೆಯುತ್ತಿದ್ದ ಅದೇ ಪಾಟಿ. ಫ್ರಿಜ್ಜಿನ ಮೇಲೆ ಇಟ್ಟಿರುತ್ತಾರೆ. ‘ಹಾಲು ಕಾಸೀನಿ. ಝುಣಕ ಬಿಸಿ ಮಾಡ್ಕೊಳ್ರಿ.’ ಅದರ ಕೆಳಗೆ ಅವನ ಅಕ್ಷರ, ‘ಕರೆಂಟ್ ಬಿಲ್ ತುಂಬೀನಿ. ಮುಂಜಾನೆ ಎಬ್ಬಸು.’ ಮೊಬೈಲಿನಲ್ಲಿ ಬರೆಯಬಾರದೇ ಎಂದರೆ, ‘ಅದರಾಗ ಎಲ್ಲಾರೂ ಬರೀತಾರ್ರಿ ಸರ, ಇದರಾಗ ನಾವಿಬ್ಬರ’ ಎಂದಳು.

ನನಗೆ ಬನಹಟ್ಟಿಯ ಅವನ ಮನೆ ನೆನಪಾಯಿತು. ಅಲ್ಲಿ ಮುಂದಿನ ಪಡಸಾಲೆಯಲ್ಲೇ ಮಗ್ಗ. ಅಪ್ಪ ನೇಯುತ್ತಾನೆ, ಅವ್ವ ಹತ್ತು ಮಾರು ದೂರದಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಮುಂಜಾನೆಯಿಂದ ರಾತ್ರಿಯ ತನಕ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಲೇ ಇರುತ್ತಾರೆ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕೈಸನ್ನೆಯಲ್ಲೇ ಸಂಸಾರ ನಡೆಯುತ್ತದೆ. ಹಿರಿಯರು, ಮಕ್ಕಳು, ನೆರೆಹೊರೆಯವರು ತುಂಬಿದ ಆ ಮನೆಯಲ್ಲಿ ಗಂಡ ಹೆಂಡತಿಗೆ ಏಕಾಂತವೆಂಬುದಿಲ್ಲ. ಆದರೆ ಜೊತೆ ಇದೆ. ಇಲ್ಲಿ ಏಕಾಂತ ಬೇಕಾದಷ್ಟಿದೆ, ಜೊತೆಗೇ ಹೊತ್ತಿಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎನ್ನುತ್ತೇವೆ. ಕೂಡಿ ಉಣ್ಣುವುದೇ ವಾರಕ್ಕೊಮ್ಮೆಯಾದರೆ ಆ ಜಗಳ ವಾರಗಟ್ಟಲೆ ಉಳಿಯುತ್ತದೆ. ಬಿಡಿಸಲು ಅತ್ತೆ ಇಲ್ಲ, ನೆಗೆಣ್ಣಿ ಇಲ್ಲ, ಪಕ್ಕದ ಮನೆಯ ಕಾಕು ಇಲ್ಲ. ‘ಇಬ್ಬರ ಇರತಾರ, ಸುಖಾ ಅದ’ ಎಂದು ಊರಿನವರು ಅನ್ನುವುದು ದೂರದ ಬೆಟ್ಟದ ಮಾತು.

ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮೂರನೆಯ ರಾತ್ರಿ ನೀರು ಕುಡಿಯಲು ಎದ್ದೆ. ಮೇಷ್ಟರ ಕಣ್ಣು ಪಾಟಿ ಕಂಡರೆ ಓದದೆ ಬಿಡುವುದಿಲ್ಲ. ಅದರ ಮೇಲೆ, ‘ಸರ ಮಲಗ್ಯಾರ. ಚೀಲ ಮ್ಯಾಲ ತರಬ್ಯಾಡ್ರಿ, ಕೆಳಗ ಗಾಡಿಯೊಳಗ ಇಡ್ರಿ’ ಎಂದಿತ್ತು. ಯಾವ ಚೀಲ? ಅಷ್ಟರಲ್ಲಿ ಕೆಳಗೆ ಗಾಡಿ ನಿಂತ ಸದ್ದು. ಕಿಟಕಿಯಿಂದ ನೋಡಿದೆ. ನನ್ನ ವಿದ್ಯಾರ್ಥಿ ಬೆನ್ನ ಮೇಲಿನ ದೊಡ್ಡ ಚೌಕದ ಚೀಲ ಇಳಿಸುತ್ತಿದ್ದ. ಮನೆಮನೆಗೆ ಊಟ ಮುಟ್ಟಿಸುವವರು ಹೊರುತ್ತಾರಲ್ಲ, ಅಂಥದು.

ಮೇಲೆ ಬಂದವನು ನಾನು ಎದ್ದು ಕೂತದ್ದು ನೋಡಿ ಬಾಗಿಲಲ್ಲೇ ನಿಂತ. ‘ಕೂಡಪಾ’ ಎಂದೆ. ಅವಳೂ ಎದ್ದು ಬಂದಳು. ನಾಲ್ಕು ತಿಂಗಳ ಹಿಂದೆ ಕಾರಖಾನೆಯವರು ಒಂದು ಪಾಳಿಯನ್ನೇ ತೆಗೆದಿದ್ದರು. ಇವನ ಕೆಲಸವೂ ಹೋಗಿತ್ತು. ಆದರೆ ಊರಿಗೆ ಕಳಿಸುವ ಆರು ಸಾವಿರ ಒಂದು ತಿಂಗಳೂ ತಪ್ಪಿರಲಿಲ್ಲ. ತಂಗಿ ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ, ಅವಳ ಫೀ ಇತ್ತು. ಹೇಗೆ ಕಳಿಸಿದಿರಿ ಎಂದು ನಾನು ಕೇಳಬೇಕಾಗಲಿಲ್ಲ. ಮದುವೆಯಲ್ಲಿ ಅವಳ ಕೈಯಲ್ಲಿ ನಾನೇ ನೋಡಿದ್ದ ಬಿಲ್ವಾರಗಳು ಈಗಿರಲಿಲ್ಲ, ಗಾಜಿನ ಬಳೆಯಷ್ಟೇ ಇದ್ದವು. ಒತ್ತೆಗೆ ಹೋಗಿದ್ದವು.

‘ಸರ, ಊರಾಗ ಹೇಳಬ್ಯಾಡ್ರಿ. ಡಿಪ್ಲೊಮಾ ಓದಿಸಿದ್ದು ಇದಕ್ಕೇನಂತ ಅಪ್ಪ ಎದಿ ಒಡಕೊಂತಾನ’ ಎಂದ.

‘ಊಟ ಮುಟ್ಸೂದು ಕಳವು ಅಲ್ಲಪಾ. ಮುಚ್ಚಿ ಇಡೂದ ತಪ್ಪು’ ಎಂದೆ. ಆದರೆ ನನ್ನ ಎದೆಯಲ್ಲಿ ಬೇರೊಂದು ಭಾರವಿತ್ತು. ನಾನು ಹೊರಡುವ ಮುಂಚೆ ಅವನಪ್ಪ ಬಸ್‌ ನಿಲ್ದಾಣದ ತನಕ ಬಂದು ಒಂದು ಮಾತು ಹೇಳಿದ್ದರು. ‘ಮಗಾ ಬೆನ್ನಿಗದಾನಲ್ರಿ ಮಾಸ್ತರ. ಯುಗಾದಿ ಆದಮ್ಯಾಲ ಸಾಲಾ ತಗದು ಇನ್ನೆರಡು ಮಗ್ಗಾ ಹಾಕತೇನಿ.’ ಮಗನ ಸಂಬಳದ ಮೇಲೆ ತಂದೆ ಸಾಲ ಕಟ್ಟಲು ಹೊರಟಿದ್ದಾರೆ; ಮಗನಿಗೆ ಸಂಬಳವೇ ಇಲ್ಲ. ‘ಆರಾಮ ಅದೀವಿ’ ಎಂಬ ಎರಡು ಶಬ್ದ ಒಂದು ಮನೆಯನ್ನು ಮುಳುಗಿಸಬಲ್ಲದು ಎಂದು ನನಗೆ ಗೊತ್ತಾದದ್ದು ಆಗ. ಇದನ್ನು ಅವನಿಗೆ ಹೇಳಿದೆ. ಅವನ ಮುಖ ಇಳಿಯಿತು. ಅಪ್ಪ ಈ ವಿಷಯ ಅವನಿಗೆ ತಿಳಿಸಿರಲಿಲ್ಲ. ಮಗನಿಗೆ ಚಿಂತೆ ಬೇಡವೆಂದು ಅವರೂ ಮುಚ್ಚಿಟ್ಟಿದ್ದರು!

‘ನಾ ಹೇಳೂದಿಲ್ಲ. ನೀವಿಬ್ಬರೂ ಯುಗಾದಿಗೆ ಬರ್ರಿ, ನಿಮ್ಮ ಬಾಯಿಲೆ ಹೇಳ್ರಿ’ ಎಂದು ಕರಾರು ಮಾಡಿಕೊಂಡು ಬಂದೆ.

ಊರಿಗೆ ಬಂದ ಮರುದಿನ ಅವನಪ್ಪ ಕೇಳಿದರು, ‘ಹೆಂಗದಾರ್ರಿ ನಮ್ಮ ಹುಡುಗರು?’ ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವನಿಗೆ ಆ ಪ್ರಶ್ನೆ ಪರೀಕ್ಷೆಯಂತೆ ಕಂಡಿತು. ‘ಸೊಸಿ ಕೈಲೆ ರೊಟ್ಟಿ ಉಂಡು ಬಂದೇನಿ. ಒಬ್ಬರಿಗೊಬ್ಬರು ಆಗಿ ಬಾಳ್ವೆ ಮಾಡತಾರ. ಸಾಲದ ಮಾತು ಮಾತ್ರ ಹುಡುಗರು ಬಂದಮ್ಯಾಲ ತಗಿ’ ಎಂದೆ. ನೇಕಾರನಿಗೆ ಎಳೆ ಹರಿದದ್ದು ಮಗ್ಗದ ಸದ್ದಿನಲ್ಲೇ ತಿಳಿಯುತ್ತದೆ. ಅವರು ನನ್ನ ಮುಖ ನೋಡಿದರು, ಮತ್ತೇನೂ ಕೇಳಲಿಲ್ಲ.

ಹುಡುಗರು ಯುಗಾದಿಗೆ ಬಂದರು. ಬೇವು ಬೆಲ್ಲದ ದಿನವೇ ಹೇಳಿದರಂತೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಇಚಲಕರಂಜಿಗೆ ದುಡಿಯಾಕ ಹೋದಾಗ ನಾನೂ ಆರು ತಿಂಗಳ ಮಗ್ಗದ ಬುಡಕ ಮಲಗೇನಿ. ಊರಿಗೆ ಬರದ ಕಾರ್ಡಿನ್ಯಾಗ ಏನ ಬರೀತಿದ್ದೆ ಗೊತ್ತೇನು? ನಾವೆಲ್ಲ ಕ್ಷೇಮ’ ಎಂದರಂತೆ. ಹೆಂಡತಿಗೂ ಅದನ್ನು ಅವರು ಅಂದೇ ಮೊದಲ ಸಲ ಹೇಳಿದ್ದು. ಅವ್ವ ಎದ್ದು ಹೋಗಿ ಸೊಸೆಯ ಬರಿಗೈ ಹಿಡಿದು ಕೂತಳಂತೆ.

ಎಲ್ಲವೂ ಸಿನಿಮಾದ ಹಾಗೆ ಸರಿಹೋಯಿತೆಂದು ಹೇಳಲಾರೆ. ಸಾಲ ತೆಗೆಯುವುದು ನಿಂತಿತು. ಹುಡುಗನಿಗೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಡಿಮೆ. ಊರಿಗೆ ಈಗ ಕಳಿಸುವುದು ಮೂರು ಸಾವಿರ. ಬಿಲ್ವಾರ ಇನ್ನೂ ಒತ್ತೆಯಲ್ಲೇ ಇವೆ. ಹೆಸರು ಹಾಕದೆ ಬರೆಯಲೇ ಎಂದು ಕೇಳಿದಾಗ, ‘ಬರೀರಿ ಸರ, ನಮ್ಮಂಥವರು ಭಾಳ ಮಂದಿ ಅದಾರ’ ಎಂದು ಇಬ್ಬರೂ ಒಪ್ಪಿದರು.

ಈಗ ಓದುವ ಮಕ್ಕಳಿಗೆ ಒಂದು ಮಾತು. ದೊಡ್ಡ ಊರಿಗೆ ಹೋಗಿ, ಅವಶ್ಯ ಹೋಗಿ. ಹೋಗುವಾಗ ಸಂಬಳ ಎಷ್ಟೆಂದು ಮಾತ್ರ ನೋಡಬೇಡಿ. ಪಿ.ಎಫ್., ಇ.ಎಸ್.ಐ. ಇದೆಯೇ ಕೇಳಿ. ಮನೆಯ ಮುಂಗಡಕ್ಕೆ ಎಲ್ಲ ಹಣವನ್ನೂ ಸುರಿಯದೆ ಮೂರು ತಿಂಗಳ ಖರ್ಚನ್ನು ಬೇರೆ ಇಡಿ. ಮುಂಗಡ ಕೊಟ್ಟದ್ದಕ್ಕೆ ಬರವಣಿಗೆ ಇಲ್ಲದೆ ಬೀಗದ ಕೈ ಇಸಿದುಕೊಳ್ಳಬೇಡಿ. ಕೆಲಸ ಹೋದರೆ ಅದು ನಿಮ್ಮ ಓದಿಗೆ ಬಂದ ಅವಮಾನವಲ್ಲ. ಆ ದಿನವೇ ಮನೆಗೆ ತಿಳಿಸಿ. ತಂದೆ ತಾಯಿಗಳಿಗೂ ಒಂದು ಮಾತಿದೆ. ಮಕ್ಕಳು ನಿಜ ಹೇಳಬೇಕೆಂದರೆ ನಿಮ್ಮ ಕಷ್ಟದ ನಿಜವನ್ನೂ ಅವರಿಗೆ ಹೇಳಿ. ‘ಪಗಾರ ಆತೇನು?’ ಎಂಬ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ. ಅದರಿಂದ ಸಂಸಾರದ ಸಮಾಚಾರ ತಿಳಿಯುವುದಿಲ್ಲ.

ಮೊನ್ನೆ ಬನಹಟ್ಟಿಯಲ್ಲಿ ಅವರ ಮನೆಗೆ ಹೋಗಿದ್ದೆ. ಅವ್ವ ಫೋನಿನಲ್ಲಿ ಸೊಸೆಯೊಡನೆ ಮಾತಾಡುತ್ತಿದ್ದಳು. ಪಗಾರದ ಮಾತಿಲ್ಲ, ಮಳೆಯ ಮಾತಿಲ್ಲ. ಮಗ್ಗದ ಸದ್ದಿನ ಮೇಲೆ ದನಿ ಎತ್ತಿ ಕೇಳುತ್ತಿದ್ದಳು: ‘ಇವತ್ತರ ಇಬ್ಬರೂ ಕೂಡಿ ಉಂಡ್ರೇನವಾ?’